ಲಕ್ವ ಹೊಡೆದ ಮೇಲೆ ಸಕ್ಕರೆ ಕಾಯಿಲೆಯವರ ಮುಂದಿನ ದಿನಗಳು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಕ್ಕರೆ ಕಾಯಿಲೆ ಇದ್ದವರಿಗೆ ಪಾರ್ಶ್ವವಾಯು ಆದ ಮೇಲೆ ಮನೆಯವರ ಕಣ್ಣೆಲ್ಲ ಗ್ಲೂಕೋಮೀಟರಿನ ಮೇಲೆಯೇ ಇರುತ್ತದೆ. ಬಂದ ಪತ್ರಗಳಲ್ಲೂ ಅದೇ ಕಾಣುತ್ತಿದೆ. ಶುಗರ್ ನೋಡಲೇಬೇಕು, ನಿಜ. ಆದರೆ ಮುಂದಿನ ವರ್ಷಗಳು ಹೇಗಿರುತ್ತವೆ ಎಂಬುದನ್ನು ಬಿಪಿ, ನುಂಗುವ ಶಕ್ತಿ, ಭುಜ, ಪಾದ, ಮನಸ್ಸು ಇವೂ ಅಷ್ಟೇ ನಿರ್ಧರಿಸುತ್ತವೆ. ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಹದಿನಾಲ್ಕು ವರ್ಷದಿಂದ ಶುಗರ್ ಇದೆ. ಎರಡು ತಿಂಗಳ ಹಿಂದೆ ಎಡಭಾಗಕ್ಕೆ ಲಕ್ವ ಹೊಡೆಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ, ಕೈ ಮಾತ್ರ ಇನ್ನೂ ಬಂದಿಲ್ಲ. ಶುಗರ್ ಇರುವವರು ಮೊದಲಿನಂತೆ ಆಗುವುದೇ ಇಲ್ಲ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಅವರ ಆಯಸ್ಸಿನ ಬಗ್ಗೆಯೂ ಭಯವಾಗಿದೆ. ಮುಚ್ಚುಮರೆ ಇಲ್ಲದೆ ಹೇಳಿ.

ಉತ್ತರ: ನೆಂಟರ ಮಾತು ಸರಿಯಲ್ಲ. ಸಕ್ಕರೆ ಕಾಯಿಲೆ ಇದ್ದವರೂ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ನಿಧಾನ, ಕೆಲವರಲ್ಲಿ ಸ್ವಲ್ಪ ಕಡಿಮೆ, ಅಷ್ಟೇ ವ್ಯತ್ಯಾಸ. ಎರಡೇ ತಿಂಗಳಿಗೆ ಕೋಲು ಹಿಡಿದು ನಡೆಯುತ್ತಿರುವುದು ಒಳ್ಳೆಯ ಲಕ್ಷಣ.

ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಆರು ತಿಂಗಳವರೆಗೂ ಕಣ್ಣಿಗೆ ಕಾಣುವಂತೆ ಸಾಗುತ್ತದೆ. ಆಮೇಲೂ ನಿಲ್ಲುವುದಿಲ್ಲ, ಆದರೆ ಹೆಜ್ಜೆಗಳು ಸಣ್ಣವಾಗುತ್ತವೆ. ಮಾತು ಹೋದವರಲ್ಲಿ ಅದು ವರ್ಷಗಟ್ಟಲೆ ಸುಧಾರಿಸುವುದುಂಟು. ಕಾಲಿಗಿಂತ ಕೈ ತಡವಾಗಿ ಬರುವುದು ಸಾಮಾನ್ಯ. ನಡೆಯಲು ತೊಡೆ ಮತ್ತು ಮೊಣಕಾಲಿನ ಒರಟು ಚಲನೆ ಸಾಕು. ಗುಂಡಿ ಹಾಕುವುದಕ್ಕೆ ಬೆರಳುಗಳ ಸೂಕ್ಷ್ಮ ಚಲನೆ ಬೇಕು. ಮುಷ್ಟಿ ಮುಚ್ಚುವುದಕ್ಕಿಂತ ಬೆರಳು ಬಿಚ್ಚುವುದು ಹೆಚ್ಚು ಮುಖ್ಯವಾದ ಸೂಚನೆ. ತಂದೆಯವರ ಬೆರಳುಗಳು ಸ್ವಲ್ಪವಾದರೂ ತಾವಾಗಿ ಬಿಚ್ಚಿಕೊಳ್ಳುತ್ತಿದ್ದರೆ ಕೈಯ ಕೆಲಸಕ್ಕೆ ಈಗಲೇ ಹೆಚ್ಚು ಸಮಯ ಕೊಡಿ.

ಶುಗರ್ ಇದ್ದವರಲ್ಲಿ ನಿಧಾನ ಏಕೆ? ವರ್ಷಗಟ್ಟಲೆ ಏರಿದ ಸಕ್ಕರೆ ಮಿದುಳಿನ ಸಣ್ಣ ರಕ್ತನಾಳಗಳನ್ನು ದಪ್ಪಗೊಳಿಸಿ ಕಿರಿದಾಗಿಸಿರುತ್ತದೆ. ಒಂದು ಜಾಗ ಸತ್ತಾಗ ಪಕ್ಕದ ಜಾಗ ಅದರ ಕೆಲಸ ವಹಿಸಿಕೊಳ್ಳಬೇಕು, ಅಲ್ಲಿಗೂ ರಕ್ತ ಕಷ್ಟಪಟ್ಟೇ ಹರಿಯುತ್ತಿರುತ್ತದೆ. ಸ್ಕ್ಯಾನ್ ಮಾಡಿದಾಗ ಯಾವತ್ತೋ ಗೊತ್ತಾಗದೆ ಆಗಿಹೋದ ಚಿಕ್ಕಚಿಕ್ಕ ಹೊಡೆತಗಳ ಗುರುತು ಸಿಗುವುದೂ ಉಂಟು. ಇವನ್ನು ಹಿಂದಕ್ಕೆ ತಿರುಗಿಸಲಾಗದು. ಆದರೆ ಪಾದದ ನರಗಳ ಜೋಮು, ಸವೆದ ಸ್ನಾಯು, ಪದೇಪದೇ ಬರುವ ಮೂತ್ರದ ಸೋಂಕು, ಪೆಡಸಾದ ಭುಜ, ಕುಗ್ಗಿದ ಮನಸ್ಸು ಇವೂ ಚೇತರಿಕೆಯನ್ನು ಹಿಡಿದು ನಿಲ್ಲಿಸುತ್ತವೆ. ಇವಕ್ಕೆಲ್ಲ ಮಾಡುವುದಕ್ಕೆ ಏನಾದರೂ ಇದ್ದೇ ಇದೆ.

ಆಯಸ್ಸಿನ ಮಾತು. ಸುಮಾರು 6.9 ಲಕ್ಷ ಜನರ ಮಾಹಿತಿ ಕಲೆಹಾಕಿ 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವಿದೆ. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಹೃದಯಾಘಾತ ಈ ಮೂರರಲ್ಲಿ ಯಾವುದಾದರೂ ಎರಡು ಇದ್ದರೆ, 60ರ ವಯಸ್ಸಿನಲ್ಲಿ ಉಳಿದ ಆಯಸ್ಸು ಸರಾಸರಿ 12 ವರ್ಷ ಕಡಿಮೆಯಾಗುತ್ತದೆ ಎಂದು ಅದು ಅಂದಾಜು ಮಾಡಿತು. ಸಂಖ್ಯೆ ದೊಡ್ಡದು, ಮುಚ್ಚಿಡುವುದು ಸರಿಯಲ್ಲ. ಆದರೆ ಇದು ಗುಂಪಿನ ಸರಾಸರಿ. ಅದರಲ್ಲಿ ಬೀಡಿ ಸಿಗರೇಟು ಬಿಡದವರು, ಬಿಪಿ ಮಾತ್ರೆ ಅರ್ಧಕ್ಕೆ ನಿಲ್ಲಿಸಿದವರು, ಕೊಬ್ಬಿನ ಮಾತ್ರೆಯನ್ನೇ ನೋಡದವರು ಎಲ್ಲರೂ ಸೇರಿದ್ದಾರೆ. ನಿಮ್ಮ ತಂದೆಯವರಿಗೆ ಇಂತಿಷ್ಟೇ ಎಂದು ಅದು ಹೇಳುವುದಿಲ್ಲ. ಮತ್ತೆ ಪಾರ್ಶ್ವವಾಯು ಆಗುವ ಅಪಾಯ ಶುಗರ್ ಇಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು. ಜೊತೆಗೆ ಹೃದಯಾಘಾತದ ಭಯವೂ ಇದೆ, ಹಾಗಾಗಿ ಮಿದುಳಿನ ವೈದ್ಯರ ಜೊತೆಗೆ ಹೃದಯದ ತಪಾಸಣೆಯೂ ಆಗಿರಲಿ. ಈ ಅಪಾಯವನ್ನು ಹೇಗೆ ಇಳಿಸುವುದು ಎಂಬುದು ಮುಂದಿನ ಉತ್ತರಗಳಲ್ಲಿದೆ.

ಪ್ರಶ್ನೆ: ಆಸ್ಪತ್ರೆಯಲ್ಲಿದ್ದಾಗ ನಮ್ಮ ಯಜಮಾನರ ಶುಗರ್ 160, 170 ಇದ್ದರೂ ವೈದ್ಯರು ಸರಿಯಿದೆ ಎನ್ನುತ್ತಿದ್ದರು. ಈಗ ಮನೆಯಲ್ಲಿ ನೂರರ ಆಸುಪಾಸಿಗೆ ತರಬೇಕೆಂದು ನಾನು ಊಟ ಕಡಿಮೆ ಮಾಡಿದ್ದೇನೆ. ಸರಿಯೇ?

ಉತ್ತರ: ಬೇಡ. ಆಸ್ಪತ್ರೆಯವರು ಮಾಡಿದ್ದು ಸರಿ. ಪಾರ್ಶ್ವವಾಯುವಿನ ಮೊದಲ ದಿನಗಳಲ್ಲಿ ಸಕ್ಕರೆಯನ್ನು 140ರಿಂದ 180ರೊಳಗೆ ಇಡುವುದು ರೂಢಿ. 80ರಿಂದ 130ರೊಳಗೆ ಬಿಗಿಯಾಗಿ ಹಿಡಿದರೆ ಮಿದುಳು ಹೆಚ್ಚು ಉಳಿಯುತ್ತದೆಯೇ ಎಂದು 1,151 ರೋಗಿಗಳ ಮೇಲೆ ನೋಡಿದ 'ಶೈನ್' ಎಂಬ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಮೂರು ತಿಂಗಳ ಹೊತ್ತಿಗೆ ಎರಡೂ ಗುಂಪಿನವರು ಒಂದೇ ಥರ ಇದ್ದರು. ಬಿಗಿ ಹಿಡಿದ ಗುಂಪಿನಲ್ಲಿ ಮಾತ್ರ ಶುಗರ್ ಅಪಾಯದ ಮಟ್ಟಕ್ಕೆ ಕುಸಿದ ಪ್ರಸಂಗಗಳು ಹೆಚ್ಚಾದವು.

ದೀರ್ಘಕಾಲದ ಗುರಿಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಆಧಾರ. ಬಹುತೇಕರಿಗೆ ಶೇ. 7ರ ಹತ್ತಿರ ಸಾಕು. ವಯಸ್ಸು ಹೆಚ್ಚಾದವರು, ಮೂತ್ರಪಿಂಡ ದುರ್ಬಲವಾದವರು, ಒಬ್ಬರೇ ಇರುವವರು, ಈ ಮೊದಲೇ ಶುಗರ್ ಕುಸಿದು ಬಿದ್ದವರು ಶೇ. 8ರವರೆಗೆ ಇದ್ದರೂ ಒಪ್ಪಬಹುದು. ಶೇ. 6ಕ್ಕಿಂತ ಕೆಳಗೆ ಇಳಿಸಲು ಹೊರಟ 'ಅಕಾರ್ಡ್' ಪ್ರಯೋಗದಲ್ಲಿ ಸಾವುಗಳು ಹೆಚ್ಚಾದವು, ಹಾಗಾಗಿ 2008ರಲ್ಲಿ ಆ ಭಾಗವನ್ನೇ ನಿಲ್ಲಿಸಿದರು. ಅಲ್ಲಿಂದೀಚೆಗೆ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ಮಾತನ್ನು ವೈದ್ಯರು ಹೇಳುವುದಿಲ್ಲ.

ಊಟ ಕಡಿಮೆ ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ. ಲಕ್ವದ ನಂತರ ಮಲಗಿರುವ ದೇಹದಲ್ಲಿ ಸ್ನಾಯು ಬೇಗ ಕರಗುತ್ತದೆ. ಪ್ರೋಟೀನ್ ಸಾಲದೆ ಹೋದರೆ ಫಿಸಿಯೋಥೆರಪಿ ಎಷ್ಟು ಮಾಡಿಸಿದರೂ ಬಲ ಬರುವುದಿಲ್ಲ, ಹಾಸಿಗೆ ಹುಣ್ಣು ಮಾಯುವುದಿಲ್ಲ. ಊಟದ ಪ್ರಮಾಣಕ್ಕೆ ತಕ್ಕಂತೆ ಔಷಧಿ ಹೊಂದಿಸಬೇಕು. ಔಷಧಿ ಬದಲಿಸಲು ಹೆದರಿ ಊಟ ಕತ್ತರಿಸುವುದು ಬೇಡ.

ಪ್ರಶ್ನೆ: ಅಮ್ಮನಿಗೆ 70 ವರ್ಷ. ಲಕ್ವದ ನಂತರ ಮಾತು ಸರಿಯಾಗಿ ಬರುವುದಿಲ್ಲ. ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಡುತ್ತೇವೆ. ಹೋದ ವಾರ ಸಂಜೆ ಮಂಕಾಗಿ ಕುಳಿತಿದ್ದರು, ಬಟ್ಟೆಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಶುಗರ್ ನೋಡಿದರೆ 48. ಊಟ ಮಾಡಿಸಿದ್ದೆವು, ಇನ್ಸುಲಿನ್ ಪ್ರಮಾಣವನ್ನೂ ಬದಲಿಸಿರಲಿಲ್ಲ. ಹೀಗೇಕಾಯಿತು?

ಉತ್ತರ: ಸಕ್ಕರೆ ಕಾಯಿಲೆ ಇದ್ದವರಿಗೆ ಲಕ್ವದ ನಂತರ ಮನೆಯಲ್ಲಿ ಎದುರಾಗುವ ಅಪಾಯಗಳಲ್ಲಿ ಇದು ದೊಡ್ಡದು, ಮತ್ತು ಬಹಳ ಸಲ ತಪ್ಪಿಸಬಹುದಾದದ್ದು. ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ತಟ್ಟೆಯನ್ನು ನೋಡಿ. ಊಟ ಮುಗಿದ ಮೇಲೆ ತಟ್ಟೆಯ ಒಂದು ಪಕ್ಕ ಪೂರ್ತಿ ಖಾಲಿಯಾಗಿ, ಇನ್ನೊಂದು ಪಕ್ಕದಲ್ಲಿ ಬಡಿಸಿದ್ದು ಹಾಗೇ ಉಳಿದಿರುತ್ತದೆಯೇ? ಕೆಲವರಿಗೆ ಕಣ್ಣು ಚೆನ್ನಾಗಿದ್ದರೂ ದೃಷ್ಟಿಯ ಅರ್ಧಭಾಗ ಹೋಗಿರುತ್ತದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಎಡಗಡೆ ಎಂಬುದೊಂದು ಇದೆ ಎಂಬ ಗಮನವೇ ತಪ್ಪುವುದುಂಟು. ನಿಮ್ಮ ತಾಯಿಯವರಿಗೆ ಮಾತು ಹೋಗಿದೆ ಎಂದರೆ ಪೆಟ್ಟು ಎಡಭಾಗಕ್ಕೆ ಆಗಿರುವ ಸಾಧ್ಯತೆ ಹೆಚ್ಚು, ಹಾಗಿದ್ದರೆ ಬಲಗಡೆಯ ದೃಷ್ಟಿಯನ್ನು ಪರೀಕ್ಷೆ ಮಾಡಿಸಿ. ಇಂಥವರು ಹೊಟ್ಟೆ ತುಂಬಿತೆಂದು ಏಳುತ್ತಾರೆ, ಒಳಗೆ ಹೋಗಿರುವುದು ಅರ್ಧ ಊಟ. ಇನ್ಸುಲಿನ್ ಮಾತ್ರ ಪೂರ್ತಿ ಊಟದ್ದು. ಊಟದ ಮಧ್ಯೆ ಒಮ್ಮೆ ತಟ್ಟೆ ತಿರುಗಿಸಿ ಇಡಿ, ತಿಂದದ್ದನ್ನು ಮುಕ್ಕಾಲು, ಅರ್ಧ, ಕಾಲು ಎಂದು ಬರೆದಿಡಿ.

ಎರಡನೆಯದು ನುಂಗುವ ತೊಂದರೆ. ಗಂಟಲಿನ ಸ್ನಾಯು ದುರ್ಬಲವಾದವರು ನಾಲ್ಕು ತುತ್ತಿಗೇ ಸುಸ್ತಾಗುತ್ತಾರೆ. ತುತ್ತು ಕೆನ್ನೆಯಲ್ಲೇ ಉಳಿದಿರುತ್ತದೆ, ನೀವು ತಿಂದರು ಎಂದುಕೊಳ್ಳುತ್ತೀರಿ. ಊಟದ ನಂತರ ಬಾಯಿ ತೆರೆಸಿ ನೋಡಿ. ನೀರು ಕುಡಿದ ಮೇಲೆ ಕೆಮ್ಮು ಬಂದರೆ ಅಥವಾ ದನಿ ಗೊರಗೊರ ಎಂದರೆ ನೀರು ಶ್ವಾಸನಾಳಕ್ಕೆ ಹೋಗುತ್ತಿದೆ ಎಂದರ್ಥ. ನುಂಗುವ ಪರೀಕ್ಷೆ ಮಾಡಿಸದೆ ತೆಳುವಾದ ದ್ರವ ಕೊಡಬೇಡಿ. ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಿರುವ ಮನೆಯವರು ಇನ್ನೊಂದನ್ನು ಗಮನಿಸಬೇಕು: ನಳಿಕೆ ಹೊರಬಂದರೆ ಅಥವಾ ವಾಂತಿಯಾಗಿ ಆಹಾರ ನಿಂತರೆ, ಮೊದಲೇ ಕೊಟ್ಟ ಇನ್ಸುಲಿನ್ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಆಗ ಕೂಡಲೇ ವೈದ್ಯರಿಗೆ ಫೋನ್ ಮಾಡಿ, ಗಂಟೆಗೊಮ್ಮೆ ಶುಗರ್ ನೋಡಿ.

ಮೂರನೆಯದು ಮೂತ್ರಪಿಂಡ. ಅದರ ಶಕ್ತಿ ಕುಗ್ಗಿದರೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಿನ್ನೆಯವರೆಗೆ ಸರಿಯಾಗಿದ್ದ ಪ್ರಮಾಣ ಇವತ್ತು ಹೆಚ್ಚಾಗುತ್ತದೆ. ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ವಯಸ್ಸಾದವರಲ್ಲಿ ಶುಗರನ್ನು ತುಂಬ ಹೊತ್ತು ಕೆಳಗೆ ಎಳೆದಿಡುತ್ತದೆ. ಚೀಟಿಯಲ್ಲಿ ಅದಿದ್ದರೆ ಬದಲಿಸಬಹುದೇ ಎಂದು ಕೇಳಲೇಬೇಕು.

ಏನು ಬದಲಾಗಬೇಕು? ಎಷ್ಟು ತಿನ್ನುತ್ತಾರೆಂದು ಹೇಳಲಾಗದಿದ್ದರೆ, ಊಟದ ಹೊತ್ತಿನ ಬೇಗ ಕೆಲಸ ಮಾಡುವ ಇನ್ಸುಲಿನ್ ಅನ್ನು ಊಟವಾದ ಕೂಡಲೇ, ತಿಂದಷ್ಟಕ್ಕೆ ಲೆಕ್ಕ ಹಾಕಿ ಕೊಡುವ ಕ್ರಮವಿದೆ. ಎಲ್ಲ ಬಗೆಯ ಇನ್ಸುಲಿನ್‌ಗೂ ಇದು ಹೊಂದುವುದಿಲ್ಲ. ಎರಡು ಹೊತ್ತಿನ ಮಿಶ್ರ ಇನ್ಸುಲಿನ್ ಆಗಿದ್ದರೆ ಅದರ ಪರಿಣಾಮ ಊಟದ ಎಷ್ಟೋ ಗಂಟೆಗಳ ನಂತರವೂ ಉಳಿದಿರುತ್ತದೆ, ಸಂಜೆ ಕುಸಿಯಲು ಅದೂ ಕಾರಣವಿರಬಹುದು. ನಾಲ್ಕು ದಿನದ ರೀಡಿಂಗನ್ನು ಊಟಕ್ಕೆ ಮುಂಚೆ, ಸಂಜೆ, ಮಲಗುವಾಗ ಮತ್ತು ಒಂದು ದಿನ ರಾತ್ರಿ 3 ಗಂಟೆಗೆ ಬರೆದುಕೊಂಡು ವೈದ್ಯರಿಗೆ ತೋರಿಸಿ. ಪ್ರಮಾಣವನ್ನು ಅಂದಾಜಿನ ಮೇಲೆ ನೀವೇ ಬದಲಿಸಬೇಡಿ, ಆದರೆ 48 ಬಂದ ವಿಷಯವನ್ನು ಮುಂದಿನ ಭೇಟಿಯವರೆಗೂ ಇಟ್ಟುಕೊಳ್ಳಬೇಡಿ.

ಮತ್ತೆ ಹಾಗಾದರೆ: 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ, ನುಂಗಲು ಆಗುತ್ತಿದ್ದರೆ, 15 ಗ್ರಾಂ ಗ್ಲೂಕೋಸ್ ಕೊಡಿ. ಅಂದರೆ ಸುಮಾರು ಮೂರು ಟೀ ಚಮಚ ಪುಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ದಪ್ಪ ಮಾಡಿದ ದ್ರವವನ್ನೇ ಕುಡಿಯಬೇಕು ಎಂದು ಹೇಳಿಸಿಕೊಂಡವರಿಗೆ ಗ್ಲೂಕೋಸನ್ನೂ ಅಷ್ಟೇ ದಪ್ಪಕ್ಕೆ ಕಲಸಿ ಕೊಡಬೇಕು, ಗಾಬರಿಯಲ್ಲಿ ನೀರು ಹೊಯ್ಯಬಾರದು. ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡದು, ಗ್ಲೂಕೋಸೇ ಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದು ಕೊಡಲು ಕಲಿತಿದ್ದರೆ ಕೊಡಿ, ಆಂಬ್ಯುಲೆನ್ಸ್ ಕರೆಸಿ. ಶುಗರ್ ಇಳಿಸುವ ಮಾತ್ರೆಯಿಂದ ಕುಸಿದದ್ದಾದರೆ ಎಚ್ಚರ ಬಂದ ಮೇಲೂ ಆಸ್ಪತ್ರೆಯಲ್ಲಿ ನಿಗಾ ಬೇಕು, ಏಕೆಂದರೆ ಕೆಲವು ಗಂಟೆಗಳಲ್ಲಿ ಅದು ಮತ್ತೆ ಕುಸಿಯಬಹುದು.

ಅಮ್ಮನಿಗೆ ಮಾತಿಲ್ಲ, "ನನಗೆ ಹೇಗೋ ಆಗುತ್ತಿದೆ" ಎನ್ನಲು ಆಗುವುದಿಲ್ಲ. ಬೀಟಾ ಬ್ಲಾಕರ್ ಎಂಬ ಬಿಪಿ ಅಥವಾ ಹೃದಯದ ಮಾತ್ರೆ ಇದ್ದರೆ ಎದೆ ಡವಗುಟ್ಟುವುದು, ಕೈ ನಡುಗುವುದೂ ಮರೆಯಾಗುತ್ತವೆ. ಬೆವರು ಮಾತ್ರ ಉಳಿಯುತ್ತದೆ. ಹಾಗಾಗಿ ಕಾರಣವಿಲ್ಲದೆ ಹಣೆ ತಣ್ಣಗೆ ಒದ್ದೆಯಾಗಿದ್ದರೆ, ಸುಮ್ಮನೆ ಸಿಟ್ಟು ಮಾಡಿದರೆ, ತೂಕಡಿಸಿದರೆ ಮೊದಲು ಶುಗರ್ ನೋಡಿ. ನೀವು ಅಂದು ಬೆವರು ಕಂಡು ನೋಡಿದ್ದು ಬಹಳ ಒಳ್ಳೆಯದಾಯಿತು.

ಪ್ರಶ್ನೆ: ಎರಡನೇ ಸಲ ಲಕ್ವ ಬರದಂತೆ ಯಾವ ಔಷಧಿ ಮುಖ್ಯ? ನನಗೆ ರಕ್ತ ಹೆಪ್ಪುಗಟ್ಟಿ ಬಂದದ್ದು. ಆರು ಬಗೆಯ ಮಾತ್ರೆಗಳಿವೆ, ಕೆಲವನ್ನು ಬಿಡಬಹುದೇ?

ಉತ್ತರ: ನೀವಾಗಿ ಯಾವುದನ್ನೂ ಬಿಡಬೇಡಿ. ಯಾವುದು ಏಕೆ ಎಂದು ತಿಳಿದುಕೊಂಡರೆ ಭಾರ ಎನಿಸುವುದು ಕಡಿಮೆಯಾಗುತ್ತದೆ.

ಮೊದಲ ಸ್ಥಾನ ಬಿಪಿಗೆ. ಬ್ರಿಟನ್ನಿನ 'ಯುಕೆಪಿಡಿಎಸ್' ಎಂಬ ಪ್ರಸಿದ್ಧ ಅಧ್ಯಯನ 1998ರಲ್ಲಿ ಇದನ್ನು ತೋರಿಸಿತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸರಾಸರಿ ಬಿಪಿ 154/87 ಇದ್ದ ಗುಂಪಿಗಿಂತ 144/82 ಇದ್ದ ಗುಂಪಿನಲ್ಲಿ ಪಾರ್ಶ್ವವಾಯು ಶೇ. 44ರಷ್ಟು ಕಡಿಮೆ. ಬರೀ ಹತ್ತು ಅಂಕದ ವ್ಯತ್ಯಾಸಕ್ಕೆ ಇಷ್ಟು ಫಲ. ಅದೇ ಅಧ್ಯಯನದಲ್ಲಿ ಸಕ್ಕರೆಯ ಬಿಗಿ ಹತೋಟಿ ಕಣ್ಣು, ಮೂತ್ರಪಿಂಡಗಳನ್ನು ಕಾಪಾಡಿತು, ಆದರೆ ಆ ವರ್ಷಗಳಲ್ಲಿ ಪಾರ್ಶ್ವವಾಯುವನ್ನು ಇಳಿಸಲಿಲ್ಲ. ಈಗಿನ ಗುರಿ ಬಹುತೇಕರಿಗೆ 130/80ಕ್ಕಿಂತ ಕಡಿಮೆ. ಮನೆಯಲ್ಲಿ ಬಿಪಿ ನೋಡುವಾಗ ಲಕ್ವ ಹೊಡೆಯದ ಕೈಯಲ್ಲಿ, ಐದು ನಿಮಿಷ ಕುಳಿತ ಮೇಲೆ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಿ. ಬಿಗಿದುಕೊಂಡ ಕೈಯಲ್ಲಿ ರೀಡಿಂಗ್ ತಪ್ಪಾಗಬಹುದು.

ಆಮೇಲೆ ಸ್ಟಾಟಿನ್, ಅಂದರೆ ಕೊಬ್ಬು ಇಳಿಸುವ ಮಾತ್ರೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಪಾರ್ಶ್ವವಾಯು ಆದವರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬನ್ನು 70ಕ್ಕಿಂತ ಕೆಳಗೆ ಇಟ್ಟರೆ, 90ರಿಂದ 110ರಲ್ಲಿ ಇಟ್ಟವರಿಗಿಂತ ಮುಂದಿನ ಹೊಡೆತಗಳು ಕಡಿಮೆ. ಸ್ಟಾಟಿನ್ ಶುಗರನ್ನು ತುಸು ಏರಿಸುತ್ತದೆ ಎಂಬುದು ನಿಜ. ಅದಕ್ಕೆಂದು ನಿಲ್ಲಿಸಿದವರು ಸಣ್ಣ ತೊಂದರೆ ತಪ್ಪಿಸಲು ಹೋಗಿ ದೊಡ್ಡದನ್ನು ಕರೆಯುತ್ತಾರೆ.

ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಒಂದು ಗೊಂದಲ ಬಹಳ ಮನೆಗಳಲ್ಲಿದೆ. ಸಣ್ಣ ಪಾರ್ಶ್ವವಾಯುವಿನ ನಂತರ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಎರಡನ್ನೂ ಸಾಮಾನ್ಯವಾಗಿ 21 ದಿನ, ಕೆಲವು ಸಂದರ್ಭಗಳಲ್ಲಿ 90 ದಿನ ಕೊಟ್ಟು ಆಮೇಲೆ ಒಂದನ್ನೇ ಮುಂದುವರಿಸುತ್ತಾರೆ. ಆ ದಿನ ಮುಗಿದದ್ದು ಯಾರಿಗೂ ನೆನಪಿಲ್ಲದೆ ಎರಡೂ ವರ್ಷಗಟ್ಟಲೆ ಸಾಗುತ್ತಿರುತ್ತವೆ. ಆಗ ಲಾಭ ಹೆಚ್ಚುವುದಿಲ್ಲ, ರಕ್ತಸ್ರಾವ ಹೆಚ್ಚುತ್ತದೆ. ಚೀಟಿಯಲ್ಲಿ ಎರಡೂ ಇದ್ದರೆ "ಯಾವ ತಾರೀಕಿಗೆ ಒಂದನ್ನು ನಿಲ್ಲಿಸಬೇಕು?" ಎಂದು ಕೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಲೆಕ್ಕ ಬೇರೆ. ಮಿದುಳಿನಲ್ಲಿ ರಕ್ತಸ್ರಾವವಾಗಿ ಲಕ್ವ ಬಂದವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ ಆಸ್ಪಿರಿನ್ ಸಾಲದು, ಬೇರೆ ಬಗೆಯ ಹೆಪ್ಪುತಡೆ ಔಷಧಿ ಬೇಕು. ಅದು ಬಂದು ಹೋಗುತ್ತಿರುತ್ತದೆ, ಒಂದು ಇಸಿಜಿಯಲ್ಲಿ ಸಿಗದೆ ಇರಬಹುದು. ಬಡಿತವನ್ನು ಒಂದೆರಡು ದಿನ ಬಿಡದೆ ದಾಖಲಿಸುವ ಹೋಲ್ಟರ್ ಪರೀಕ್ಷೆ ಆಗಿದೆಯೇ ಕೇಳಿ. ಕತ್ತಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಕೂಡ ಆಗಿರಬೇಕು. ಪೆಟ್ಟಾದ ಕಡೆಗೆ ರಕ್ತ ಒಯ್ಯುವ ನಾಳ ಶೇ. 70ಕ್ಕಿಂತ ಹೆಚ್ಚು ಕಟ್ಟಿಕೊಂಡಿದ್ದರೆ ಶಸ್ತ್ರಚಿಕಿತ್ಸೆಯ ಲಾಭ ಮೊದಲ ಎರಡು ವಾರಗಳಲ್ಲಿ ಅತಿ ಹೆಚ್ಚು.

ಶುಗರಿನ ಔಷಧಿಗಳೆಲ್ಲ ಒಂದೇ ಅಲ್ಲ. ಸೆಮಗ್ಲುಟೈಡ್, ಡುಲಗ್ಲುಟೈಡ್ ಥರದ ಇಂಜೆಕ್ಷನ್‌ಗಳು ಪಾರ್ಶ್ವವಾಯುವಿನ ಅಪಾಯವನ್ನೂ ಇಳಿಸುತ್ತವೆ. ಎಂಪಗ್ಲಿಫ್ಲೋಜಿನ್, ಡಪಗ್ಲಿಫ್ಲೋಜಿನ್ ಹೃದಯ ದುರ್ಬಲವಾದವರಿಗೆ, ಮೂತ್ರಪಿಂಡಕ್ಕೆ ಬಹಳ ಒಳ್ಳೆಯವು, ಪಾರ್ಶ್ವವಾಯು ತಡೆಯುವುದರಲ್ಲಿ ಅಷ್ಟಾಗಿ ಅಲ್ಲ. ವಾಂತಿ, ಭೇದಿ, ಊಟ ಬಿಟ್ಟ ದಿನ ಈ ಎರಡು ಮಾತ್ರೆಗಳನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು, ಇಲ್ಲದಿದ್ದರೆ ಶುಗರ್ ಹೆಚ್ಚಿಲ್ಲದೆಯೂ ರಕ್ತ ಆಮ್ಲೀಯವಾಗಬಹುದು. ಸೆಮಗ್ಲುಟೈಡ್ ಶುರು ಮಾಡುವ ಮುಂಚೆ ಕಣ್ಣಿನ ರೆಟಿನಾ ಪರೀಕ್ಷೆ ಆಗಿರಲಿ: ಶುಗರ್ ತಟ್ಟನೆ ಇಳಿದಾಗ ಮೊದಲೇ ಇದ್ದ ರೆಟಿನಾ ತೊಂದರೆ ಕೆಲವರಲ್ಲಿ ಉಲ್ಬಣಿಸುತ್ತದೆ. ಊಟವೇ ಸೇರದೆ ತೂಕ ಇಳಿಯುತ್ತಿರುವವರಿಗೆ ಅದು ಸರಿಯಾದ ಆಯ್ಕೆಯಲ್ಲ.

ಪ್ರಶ್ನೆ: ಲಕ್ವ ಹೊಡೆದ ಕಡೆಯ ಭುಜ ಮುಟ್ಟಿದರೆ ಸಾಕು, ಅತ್ತೆಯವರು ಕೂಗುತ್ತಾರೆ. ರಾತ್ರಿ ನಿದ್ದೆಯಿಲ್ಲ. ಇದಕ್ಕೂ ಶುಗರ್‌ಗೂ ಸಂಬಂಧವಿದೆಯೇ?

ಉತ್ತರ: ಇದೆ. ಶುಗರ್ ಇದ್ದವರ ಭುಜದ ಕೀಲು ಲಕ್ವ ಇಲ್ಲದೆಯೂ ಪೆಡಸಾಗುತ್ತದೆ. ಲಕ್ವ ಸೇರಿದರೆ ಸ್ನಾಯು ಸಡಿಲವಾಗಿ ತೋಳಿನ ಭಾರಕ್ಕೆ ಕೀಲು ಕೆಳಗೆ ಜಗ್ಗುತ್ತದೆ. ಹಾಸಿಗೆಯಿಂದ ಎಬ್ಬಿಸುವಾಗ ಯಾರಾದರೂ ಆ ಕೈ ಹಿಡಿದು ಎಳೆದಿರುತ್ತಾರೆ, ನೋವು ಅಲ್ಲಿಂದಲೇ ಶುರುವಾಗಿರುತ್ತದೆ. ಎಬ್ಬಿಸುವಾಗ ಬೆನ್ನಿನ ಹಿಂದೆ, ಭುಜದ ಮೂಳೆಗೆ ಅಂಗೈ ಕೊಟ್ಟು ಎತ್ತಿ. ಕುಳಿತಾಗ ತೋಳಿನ ಕೆಳಗೆ ದಿಂಬು ಇರಲಿ, ತೋಳು ಜೋತಾಡಬಾರದು. ಬಾಗಿಲ ಮೇಲೆ ಹಗ್ಗ ಮತ್ತು ರಾಟೆ ಕಟ್ಟಿ ಎಳೆಯುವ ವ್ಯಾಯಾಮ ಬೇಡ, ಅದು ಇಂಥ ಭುಜವನ್ನು ಇನ್ನಷ್ಟು ಹಾಳು ಮಾಡುತ್ತದೆ.

ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ನೋವು ಇಳಿದು ವ್ಯಾಯಾಮ ಸಾಧ್ಯವಾಗುತ್ತದೆ. ಆದರೆ ಅಂದೇ ಅಥವಾ ಮಾರನೆಯ ದಿನದಿಂದ ಶುಗರ್ ಏರಿ ಕೆಲವು ದಿನ, ಕೆಲವರಲ್ಲಿ ಒಂದು ವಾರ ಹಾಗೇ ಇರುತ್ತದೆ. ಆ ದಿನಗಳಲ್ಲಿ ದಿನಕ್ಕೆ ನಾಲ್ಕು ಸಲ ನೋಡಿ. ಏರಿದಾಗ ಎಷ್ಟು ಹೆಚ್ಚು ಕೊಡಬೇಕು, ಇಳಿದಾಗ ಯಾವಾಗ ಹಳೆಯ ಪ್ರಮಾಣಕ್ಕೆ ಬರಬೇಕು ಎಂದು ಇಂಜೆಕ್ಷನ್‌ಗೆ ಮುಂಚೆಯೇ ಬರೆಸಿಕೊಳ್ಳಿ.

ಪ್ರಶ್ನೆ: ಪಾದ ಎಳೆಯದಿರಲೆಂದು ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟಿದ್ದಾರೆ. ಪಾದದಲ್ಲಿ ಸ್ಪರ್ಶ ಕಡಿಮೆ. ಹಾಕಬಹುದೇ?

ಉತ್ತರ: ಹಾಕಬಹುದು, ಕಣ್ಣಿಟ್ಟು ಹಾಕಬೇಕು. ಮೊದಲ ದಿನ ಒಂದು ಗಂಟೆ ಹಾಕಿ ಬಿಚ್ಚಿ. ಚರ್ಮ ಕೆಂಪಾದ ಜಾಗವನ್ನು ಹುಡುಕಿ: ಹಿಮ್ಮಡಿ, ಕಾಲುಗಂಟಿನ ಎರಡೂ ಪಕ್ಕ, ಕಿರುಬೆರಳಿನ ಬುಡ, ಪಟ್ಟಿ ಕಟ್ಟಿದ ಕಡೆ. ಅರ್ಧ ಗಂಟೆಯೊಳಗೆ ಕೆಂಪು ಮಾಯವಾದರೆ ನಾಳೆ ಸ್ವಲ್ಪ ಹೆಚ್ಚು ಹೊತ್ತು ಹಾಕಿ. ಹೋಗದಿದ್ದರೆ ಸ್ಪ್ಲಿಂಟ್ ಒತ್ತುತ್ತಿದೆ, ಮಾಡಿದವರ ಬಳಿಗೇ ಒಯ್ದು ಸರಿಪಡಿಸಿ. ಒಳಗೆ ಹೊಲಿಗೆ ಉಬ್ಬಿಲ್ಲದ ಹತ್ತಿಯ ಕಾಲುಚೀಲ, ಸುಕ್ಕು ಇಲ್ಲದಂತೆ. ಬೂಟು ಅರ್ಧ ಅಳತೆ ದೊಡ್ಡದು ಬೇಕಾಗಬಹುದು. ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಆ ಕಾಲಿನ ಹತ್ತಿರ ಬೇಡವೇ ಬೇಡ, ಸುಟ್ಟರೂ ತಿಳಿಯುವುದಿಲ್ಲ.

ಚೆನ್ನಾಗಿರುವ ಕಾಲನ್ನೂ ದಿನಾ ನೋಡಿ. ಈಗ ದೇಹದ ಭಾರವನ್ನು ಹೆಚ್ಚಾಗಿ ಹೊರುತ್ತಿರುವುದು ಅದೇ. ಲಕ್ವದ ಕಾಲನ್ನಷ್ಟೇ ಜೋಪಾನ ಮಾಡುತ್ತ ಇನ್ನೊಂದರ ಅಂಗಾಲಿನಲ್ಲಿ ಹುಣ್ಣಾದದ್ದು ತಡವಾಗಿ ತಿಳಿಯುವ ಸಂದರ್ಭಗಳು ಇವೆ. ಪಾದ ಊದಿ, ಬಿಸಿಯಾಗಿ, ಕೆಂಪಾಗಿ, ನೋವೇ ಇಲ್ಲದಿದ್ದರೆ "ಲಕ್ವದ ಊತ" ಎಂದು ಬಿಡಬೇಡಿ. ನರ ಸತ್ತ ಪಾದದ ಮೂಳೆಗಳು ಒಳಗೇ ಕುಸಿಯುತ್ತಿರಬಹುದು, ಅಥವಾ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅಂದೇ ತೋರಿಸಿ, ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ.

ಪ್ರಶ್ನೆ: ಫಿಸಿಯೋಥೆರಪಿಗೆ ಮುಂಚೆ ಶುಗರ್ ಎಷ್ಟಿರಬೇಕು? ಎದ್ದು ನಿಂತರೆ ತಲೆ ಸುತ್ತುತ್ತದೆ, ಅದೂ ಶುಗರಿನಿಂದಲೇ?

ಉತ್ತರ: ಇನ್ಸುಲಿನ್ ಅಥವಾ ಶುಗರ್ ಕುಸಿಯಬಹುದಾದ ಮಾತ್ರೆ ಇದ್ದರೆ 90ಕ್ಕಿಂತ ಕಡಿಮೆ ಇದ್ದಾಗ 15 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ತಿಂದು ಶುರು ಮಾಡಿ. 250 ದಾಟಿ ಮೈ ಸರಿಯಿಲ್ಲದಿದ್ದರೆ ಅಥವಾ ಮೂತ್ರದಲ್ಲಿ ಕೀಟೋನ್ (ದೇಹ ಕೊಬ್ಬನ್ನು ಕರಗಿಸಿದಾಗ ಬರುವ ಆಮ್ಲ) ಇದ್ದರೆ ಅಂದು ವ್ಯಾಯಾಮ ಬೇಡ.

ತಲೆ ಸುತ್ತಿದಾಗ ಶುಗರ್ ಜೊತೆಗೆ ಬಿಪಿಯನ್ನು ಮಲಗಿದ್ದಾಗ ಒಮ್ಮೆ, ನಿಂತು 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ ನೋಡಿ. ಮೇಲಿನ ಅಂಕ 20 ಅಥವಾ ಕೆಳಗಿನದು 10 ಇಳಿದರೆ, ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳಿಗೆ ಶುಗರಿನಿಂದ ಪೆಟ್ಟಾಗಿರಬಹುದು, ಅಥವಾ ಬಿಪಿ ಮಾತ್ರೆ ಹೆಚ್ಚಾಗಿರಬಹುದು. ಮಾತ್ರೆಯನ್ನು ನೀವೇ ನಿಲ್ಲಿಸದೆ ಈ ಮೂರು ಅಂಕಗಳನ್ನು ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಏಳುವಾಗ ಮಂಚದ ಅಂಚಿನಲ್ಲಿ ಎರಡು ನಿಮಿಷ ಕುಳಿತು, ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲಿ.

ಪ್ರಶ್ನೆ: ಲಕ್ವವಾಗಿ ಒಂದು ವರ್ಷವಾಯಿತು. ಅಪ್ಪ ಯಾರ ಜೊತೆಗೂ ಮಾತಾಡುವುದಿಲ್ಲ, ವ್ಯಾಯಾಮ ಬೇಡ ಎನ್ನುತ್ತಾರೆ. ಮರೆವೂ ಜಾಸ್ತಿ. ಹಟವೋ, ಕಾಯಿಲೆಯೋ?

ಉತ್ತರ: ಹಟ ಎಂದು ದಯವಿಟ್ಟು ತೀರ್ಮಾನಿಸಬೇಡಿ. ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಸಕ್ಕರೆ ಕಾಯಿಲೆ ಅದಕ್ಕೆ ಇನ್ನಷ್ಟು ದಾರಿ ಮಾಡುತ್ತದೆ. ಚಿಕಿತ್ಸೆಯಿಂದ ಮನಸ್ಸು ಹಗುರವಾಗುತ್ತದೆ, ಮಾತ್ರೆ ಮತ್ತು ವ್ಯಾಯಾಮ ಮತ್ತೆ ಹಳಿಗೆ ಬರುತ್ತವೆ. ಕೈಕಾಲಿಗೆ ಬಲ ಬರಲೆಂದು ಖಿನ್ನತೆಯ ಮಾತ್ರೆ ಕೊಡುವುದು ಮಾತ್ರ ಬೇಡ. ಫ್ಲೂಕ್ಸೆಟಿನ್ ಮೇಲೆ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ ಬಲ ಹೆಚ್ಚಲಿಲ್ಲ, ಮೂಳೆ ಮುರಿತ ಹೆಚ್ಚಾಯಿತು.

ಮರೆವಿಗೆ ಕಾರಣ ಮಿದುಳಿನ ಸಣ್ಣ ನಾಳಗಳ ತೊಂದರೆ ಇರಬಹುದು. ಅದಕ್ಕೂ ಮುಂಚೆ ಸರಿಪಡಿಸಬಹುದಾದವನ್ನು ಹುಡುಕಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕುಗ್ಗುತ್ತದೆ, ಮರೆವು ಮತ್ತು ಪಾದದ ಜೋಮು ಎರಡೂ ಅದರಿಂದ ಹೆಚ್ಚುತ್ತವೆ. ಥೈರಾಯ್ಡ್ ನೋಡಿಸಿ. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುತ್ತಿದ್ದರೆ ನಿದ್ರೆಯ ಪರೀಕ್ಷೆ ಬೇಕು. ರಾತ್ರಿ ಶುಗರ್ ಕುಸಿಯುತ್ತಿಲ್ಲವೇ ಎಂದೂ ನೋಡಿ. ಇನ್ಸುಲಿನ್ ಅನ್ನು ಅವರೇ ಚುಚ್ಚಿಕೊಳ್ಳುತ್ತಿದ್ದರೆ ಇಂದಿನಿಂದ ಮನೆಯವರು ವಹಿಸಿಕೊಳ್ಳಿ. ಕೊಟ್ಟದ್ದನ್ನು ಮರೆತು ಎರಡನೇ ಸಲ ಕೊಟ್ಟುಕೊಳ್ಳುವುದು ಜೀವಕ್ಕೇ ಅಪಾಯ. ಪೆನ್ನನ್ನು ಕೈಗೆ ಸಿಗದ ಕಡೆ ಇಡಿ, ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಸಮಯ ಬರೆಯಿರಿ.

ಪ್ರಶ್ನೆ: ಮತ್ತೆ ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಲೋ ಶುಗರೋ, ಎರಡನೇ ಲಕ್ವವೋ ಎಂದು ಹೇಗೆ ತಿಳಿಯುವುದು?

ಉತ್ತರ: ನೋಡಿ ಹೇಳಲಾಗದು. ಶುಗರ್ ಕುಸಿದಾಗಲೂ ಒಂದು ಪಕ್ಕ ಬಲ ಕಳೆದುಕೊಳ್ಳಬಹುದು, ಹಳೆಯ ಲಕ್ವದ ಕಡೆಯೇ ಮತ್ತೆ ಜೋಲಬಹುದು. ಹಾಗಾಗಿ ಒಬ್ಬರು ಆಂಬ್ಯುಲೆನ್ಸ್‌ಗೆ ಫೋನ್ ಮಾಡಲಿ, ಅದೇ ಹೊತ್ತಿಗೆ ಇನ್ನೊಬ್ಬರು ಬೆರಳು ಚುಚ್ಚಿ ಶುಗರ್ ನೋಡಲಿ. ಮನೆಯಲ್ಲಿ ಒಬ್ಬರೇ ಇದ್ದರೆ ಮೊದಲು ಫೋನ್. ಕಡಿಮೆ ಇದ್ದರೆ ಮೇಲೆ ಹೇಳಿದಂತೆ ಗ್ಲೂಕೋಸ್ ಕೊಡಿ. ಶುಗರ್ ಸರಿಹೋದ ಮೇಲೆ ಲಕ್ಷಣ ಪೂರ್ತಿ ಮಾಯವಾದರೂ ಅಂದೇ ಪರೀಕ್ಷೆ ಆಗಲಿ. ಶುಗರ್ ಸರಿಯಿದ್ದೂ ಲಕ್ಷಣವಿದ್ದರೆ ಲಕ್ವವೆಂದೇ ತಿಳಿಯಿರಿ, ಆಸ್ಪಿರಿನ್ ನುಂಗಿಸಬೇಡಿ: ಒಳಗೆ ರಕ್ತಸ್ರಾವವಾಗಿದೆಯೋ ಇಲ್ಲವೋ ಎಂಬುದು ಸ್ಕ್ಯಾನ್ ಇಲ್ಲದೆ ತಿಳಿಯದು.

ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ದೊಡ್ಡ ನಾಳ ಮುಚ್ಚಿದ್ದರೆ ಕ್ಯಾತಿಟರ್ ಹಾಕಿ ಹೆಪ್ಪು ತೆಗೆಯುವುದು ಆಯ್ದ ಕೆಲವರಲ್ಲಿ 24 ಗಂಟೆಯವರೆಗೂ ಸಾಧ್ಯ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು "ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಹೊತ್ತಿಗೆ?" ಎಂದು. ನಿದ್ದೆಯಿಂದ ಎದ್ದಾಗ ಕಂಡಿದ್ದರೆ ಮಲಗುವಾಗ ಇದ್ದ ಸಮಯ ಹೇಳಬೇಕು. ಆಮೇಲೆ ಕೇಳುವುದು ರಕ್ತ ತೆಳು ಮಾಡುವ ಮಾತ್ರೆ ಯಾವುದು, ಕೊನೆಯ ಸಲ ನುಂಗಿದ್ದು ಯಾವಾಗ, ಇನ್ಸುಲಿನ್ ಎಷ್ಟು, ಯಾವಾಗ ಎಂದು. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಔಷಧಿ ಬದಲಾದಾಗಲೆಲ್ಲ ತಿದ್ದಿ, ಗ್ಲೂಕೋಮೀಟರಿನ ಚೀಲದಲ್ಲೇ ಇಟ್ಟಿರಿ.